ನಡುದಾರಿಯಲ್ಲಿ ಯಾರನ್ನೂ ಇಳಿಸದ ಕಂಡಕ್ಟರರು

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈಗ ಯಾರೂ ಸೀಟಿ ಊದುವುದಿಲ್ಲ. ಗೇಟಿಗೆ ಅಡ್ಡ ಗಾಡಿ ನಿಲ್ಲಿಸಿದರೂ ಕೇಳುವವರಿಲ್ಲ. ಲಿಫ್ಟಿನಲ್ಲಿ ಮಂದಿ ತುರುಕಿಕೊಂಡು ನಿಂತರೂ ಹೊರಗೆ ಕರೆಯುವವರಿಲ್ಲ. ಎಲ್ಲರೂ ಇದನ್ನೇ ಬೇಡಿಕೊಂಡಿದ್ದರು, ಸಿಕ್ಕಿದೆ. ಆದರೂ ಸಂಜೆ ಯಾರಾದರೂ ಕಾರು ಹಿಂದಕ್ಕೆ ತೆಗೆಯುವಾಗ ಸುಮ್ಮನೆ ಒಮ್ಮೆ ಬ್ರೇಕ್ ಒತ್ತಿ ತಡೆಯುವುದನ್ನು ನೋಡಿದ್ದೇನೆ. ಕಿವಿ ಇನ್ನೂ ಕಾಯುತ್ತಿರುತ್ತದೆ.

ಊದುತ್ತಿದ್ದವರು ಒಂದನೇ ಮಹಡಿಯ ಬಾಡಿಗೆದಾರರು, ರಿಟೈರ್ ಆದ ಬಸ್ ಕಂಡಕ್ಟರ್. ಅವರ ನೌಕರಿಯ ಬಹುಪಾಲು ಸಿಂಧನೂರು, ಮಸ್ಕಿ, ಲಿಂಗಸುಗೂರಿನ ನಡುವೆ ಹೋಗಿಬರುವುದರಲ್ಲೇ ಕಳೆದಿತ್ತು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರೂ ಯಾರ ಹೆಸರನ್ನೂ ನೆನಪಿಟ್ಟುಕೊಂಡವರಲ್ಲ. ಮನುಷ್ಯನನ್ನು ಅವನು ಬಸ್ಸು ಹತ್ತಿದ ಊರಿನಿಂದಲೇ ಗುರುತಿಸುತ್ತಿದ್ದರು. ಮನೆ ಹಿಡಿಯಲು ಬಂದ ದಿನ ಮೆಟ್ಟಿಲ ಮೇಲೆ ನನ್ನ ಮುಖ ನೋಡಿ, ನೌಕರಿಯಲ್ಲಿ ಪೆನ್ನು ಸಿಕ್ಕಿಸುತ್ತಿದ್ದ ಜಾಗವನ್ನು, ಬಲಗಿವಿಯ ಹಿಂದೆ, ಬೆರಳಿಂದ ಮುಟ್ಟಿಕೊಂಡು ಹೇಳಿದ್ದರು.

“ನೀವು ಮಸ್ಕಿ. ಹಿಂದಿನ ಸೀಟು. ಕೈಯಾಗ ಥಾಪಿ, ಗುಣಿಯಾ ಇರತಿದ್ವು.”

ಹೌದು, ಗಾರೆ ಬಳಿಯುವ ಥಾಪಿ, ಮೂಲೆ ನೋಡುವ ಗುಣಿಯಾ, ಎರಡೂ ಇರುತ್ತಿದ್ದವು. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟು ಫರಸಿ ಕಲ್ಲು ಹಾಸುವ ಕೆಲಸಕ್ಕೆ ಇಳಿದವನು. ಆಮೇಲೆ ಟೈಲ್ಸ್ ಬಂದವು, ಟೈಲ್ಸ್ ಕಲಿತೆ. ಈ ಬಿಲ್ಡಿಂಗಿನ ಕೆಳಗಿನ ಅಂಗಳದಿಂದ ಮೇಲಿನ ಮಾಳಿಗೆಯವರೆಗೆ ಕೂತಿರುವ ಒಂದೊಂದು ಟೈಲ್ಸೂ ನನ್ನ ಕೈಯದು. ಕಟ್ಟುವಾಗ ಕೂಲಿಗೆ ಬಂದವನು, ಕಟ್ಟಿ ಮುಗಿದ ಮೇಲೆ ಅದೇ ಬಾಗಿಲಿನಿಂದ ಮಾಲೀಕನಾಗಿ ಒಳಗೆ ಬಂದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮಂದಿ ಅಸೋಸಿಯೇಷನ್ನಿಗೆ ನನ್ನನ್ನೇ ಅಧ್ಯಕ್ಷನನ್ನಾಗಿ ಮಾಡಿದರು. ಅಧ್ಯಕ್ಷ ಎಂದರೆ ಪೈಪು ಒಡೆದಾಗ ಎಲ್ಲರೂ ಮೊದಲು ಕರೆಯುವ ಮನುಷ್ಯ, ಅಷ್ಟೇ.

ಅವರು ಬಿಲ್ಡಿಂಗನ್ನೇ ಬಸ್ಸು ಮಾಡಿಕೊಂಡುಬಿಟ್ಟರು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕೊರಳಲ್ಲಿ ಸೀಟಿ ಹಾಕಿಕೊಂಡು ಕೆಳಗೆ ಲಿಫ್ಟಿನ ಬಳಿ ಬಂದು ನಿಲ್ಲುತ್ತಿದ್ದರು. ಕುರ್ಚಿ ಹಾಕಿಕೊಟ್ಟರೂ ಕೂಡುತ್ತಿರಲಿಲ್ಲ. ಕಾಲು ಅಗಲಿಸಿ, ಬೆನ್ನು ಗೋಡೆಗೆ ಆನಿಸಿ, ಏನನ್ನೂ ಹಿಡಿಯದೆ ನಿಲ್ಲುವುದು ಅವರ ರೀತಿ. ನೆಲ ಯಾವ ಗಳಿಗೆಯಲ್ಲಾದರೂ ಅಲುಗಾಡೀತು ಎನ್ನುವ ಹಾಗೆ. ಒಂದು ಸೀಟಿ ಎಂದರೆ ನಿಲ್ಲು, ಎರಡು ಎಂದರೆ ಹೋಗು. ಕಾರುಗಳನ್ನು ಹಾಗೆಯೇ ಒಳಗೆ ತರುತ್ತಿದ್ದರು, ಹೊರಗೆ ಕಳಿಸುತ್ತಿದ್ದರು. ಟ್ಯಾಂಕರ್ ಬಂದರೆ ಉದ್ದನೆಯ ಸೀಟಿ. ಮಾಳಿಗೆಯ ಮೇಲೆ ಟ್ಯಾಂಕು ತುಂಬಿ ನೀರು ಸುರಿಯತೊಡಗಿದರೆ ಮೋಟರ್ ಬಂದ್ ಮಾಡುವವರೆಗೆ ಸೀಟಿ.

ಅವರು ಕೆಲಸವಿಲ್ಲದೆ ಹೀಗೆ ಮಾಡುತ್ತಿದ್ದಾರೆ ಎಂದು ಹೇಳುವ ಹಾಗಿರಲಿಲ್ಲ, ಏಕೆಂದರೆ ಮಾಡಿದ್ದೆಲ್ಲ ಬರೋಬರಿಯೇ ಇರುತ್ತಿತ್ತು. ಮಂದಿಯ ಸಿಟ್ಟು ಬೇರೆ. ಗೊಬ್ಬರದಂಗಡಿಯ ಸಾಹುಕಾರರು, ನಮ್ಮ ಅಸೋಸಿಯೇಷನ್ನಿನ ಕಾರ್ಯದರ್ಶಿ, ಒಂದು ದಿನ ನನ್ನ ಮನೆಗೆ ಬಂದು ಅದನ್ನು ಬಿಚ್ಚಿಯೇ ಹೇಳಿದರು.

“ಅಲ್ರೀ ಅಧ್ಯಕ್ಷರ, ಬಾಡಿಗಿಗಿ ಇರಾಂವ ಮಾಲಕರಿಗಿ ಸೀಟಿ ಹೊಡೀತಾನ ಅಂದ್ರ ಏನ್ರಿ ಇದು? ನನ್ನ ಕಾರು, ನನ್ನ ಜಾಗಾ, ಇವನ ಸೀಟಿ!”

ನನ್ನ ಹೆಂಡತಿ ಒಳಗಿನಿಂದಲೇ, “ಸೀಟಿ ಹೊಡೀಲಿಲ್ಲಂದ್ರ ಮೊನ್ನಿ ನಿಮ್ಮ ಕಾರು ಕಂಬಕ್ಕ ಬಡೀತಿತ್ತಲ್ರೀ ಸಾಹುಕಾರ್ರ” ಎಂದಳು. ಅವರು ಚಹಾ ಅರ್ಧ ಬಿಟ್ಟು ಎದ್ದು ಹೋದರು.

ಅದೆಲ್ಲ ಹಾಗೆಯೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಸಾಹುಕಾರರ ಮಗಳ ನಿಶ್ಚಯದ ದಿನ ಲಿಂಗಸುಗೂರಿನಿಂದ ಬೀಗರು ಬಂದರು. ರೇಶ್ಮೆ, ಅತ್ತರು, ಹಣ್ಣಿನ ಬುಟ್ಟಿ, ಎಲ್ಲರೂ ಒಮ್ಮೆಗೇ ಲಿಫ್ಟಿಗೆ ನುಗ್ಗಿದರು. ಇವರು ಸೀಟಿ ಊದಿ ಅಡ್ಡ ಕೈ ಹಿಡಿದರು.

“ನಾಕ ಮಂದಿ, ನಾಕ ಮಂದಿ. ಉಳದೋರು ಮುಂದಿನ ಟ್ರಿಪ್ಪಿಗಿ ಬರ್ರಿ. ಏ ಲಿಂಗಸುಗೂರು, ನೀವು ಇಳೀರಿ, ನಿಮ್ದು ತೂಕ ಜಾಸ್ತಿ ಐತಿ.”

ಆ ‘ಲಿಂಗಸುಗೂರು’ ವರನ ಸೋದರಮಾವ, ದೊಡ್ಡ ಜಮೀನ್ದಾರರು. ಮೈಯೂ ದೊಡ್ಡದು, ಮಾನವೂ ದೊಡ್ಡದು. ಅವರು ಲಿಫ್ಟಿನಿಂದ ಇಳಿದು ಮೆಟ್ಟಿಲು ಹತ್ತಿ ಹೋದರು. ಮೇಲೆ ಹೋದವರು ಏದುಸಿರು ಬಿಡುತ್ತ ಕೂತರು, ಊಟಕ್ಕೆ ಏಳಲಿಲ್ಲ. ಸಂಬಂಧವೇ ಮುರಿಯುತ್ತದೆ ಎನ್ನುವವರೆಗೆ ಬಂತು. ಸಾಹುಕಾರರು ಕಾಲು ಹಿಡಿದಷ್ಟು ಮಾಡಿ ಸರಿಪಡಿಸಿದರು. ಮರುದಿನವೇ ಮಾಳಿಗೆಯ ಮೇಲೆ ಮೀಟಿಂಗ್ ಕರೆದು ಹೇಳಿದರು.

“ಒಂದ ಮಾತು. ಅಂವಾ ಇರಬೇಕು, ಇಲ್ಲಾ ನಾವು ಇರಬೇಕು.”

ಎಲ್ಲರೂ ತಲೆಯಾಡಿಸಿದರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು.

ಬಾಡಿಗೆದಾರರನ್ನು ಹೊರಗೆ ಹಾಕುವುದು ಅಸೋಸಿಯೇಷನ್ನಿನ ಕೈಯಲ್ಲಿ ಇಲ್ಲವೆಂದು ಆಗಲೇ ನನಗೆ ತಿಳಿದದ್ದು. ವಕೀಲರ ಬಳಿ ಹೋದರೆ ಅವರು ನಕ್ಕರು. “ಮನಿ ಮಾಲಕ ಬಿಡಿಸಬೇಕ್ರಿ, ಅದೂ ಕೋರ್ಟಿನ ಮುಖಾಂತರ. ನೀವು ನೀರು, ಕರೆಂಟು ಕಟ್ ಮಾಡಿದ್ರ ಕೇಸು ನಿಮ್ಮ ಮ್ಯಾಲೇ ಬೀಳ್ತದ.” ಮನೆಯ ಮಾಲೀಕರು ಹೈದರಾಬಾದಿನಲ್ಲಿರುವ ಇಂಜಿನಿಯರರು. ಫೋನ್ ಮಾಡಿದರೆ, “ಆಯನ ಬಹಳ ಒಳ್ಳೆ ಮನುಷ್ಯ ಅಂಡಿ. ಮನೆ ನೀಟಾಗಿ ಇಟ್ಟಿದ್ದಾರೆ. ಸೀಟಿ ಊದುತ್ತಾರೆ ಅಂತ ನಾನು ಖಾಲಿ ಮಾಡಿಸಬೇಕಾ?” ಎಂದರು. ಇತ್ತ ಕಾನೂನು ಬಿಡದು, ಅತ್ತ ಮಂದಿ ಬಿಡರು. ನನಗೆ ಗೋಡೆ, ನೆಲ ಎರಡೂ ಒಪ್ಪದ ಮೂಲೆಯಲ್ಲಿ ಟೈಲ್ಸ್ ಕೂಡಿಸುವ ಕೆಲಸ ಕೊಟ್ಟ ಹಾಗಾಯಿತು.

ಆಗ ಸಾಹುಕಾರರಿಗೆ ಒಂದು ಯುಕ್ತಿ ಹೊಳೆಯಿತು. ಇಂಥ ಯುಕ್ತಿ ನಮ್ಮ ಕಡೆಯವರಿಗಷ್ಟೇ ಹೊಳೆಯಲು ಸಾಧ್ಯ.

“ಅವರಿಗಿ ಒಂದು ಬೀಳ್ಕೊಡುಗಿ ಸಮಾರಂಭ ಮಾಡಿಬಿಡೂಣು. ಶಾಲು, ಹಾರ, ಹಣ್ಣು, ಭಾಷಣ. ಅಷ್ಟು ಮಂದಿ ಮುಂದ ಬೀಳ್ಕೊಟ್ಟ ಮ್ಯಾಲ ಯಾವ ಮಾರಿ ಹೊತ್ತುಕೊಂಡು ಇರತಾನ? ತಾನ ಹೋಗ್ತಾನ.”

ಮಾಡಿದೆವು. ಮಾಳಿಗೆಯ ಮೇಲೆ ಶಾಮಿಯಾನ, ಅದಕ್ಕೆ ‘ಹೃತ್ಪೂರ್ವಕ ಬೀಳ್ಕೊಡುಗೆ’ ಎಂದು ಬ್ಯಾನರ್. ಅವರು ಇಸ್ತ್ರಿ ಮಾಡಿದ ಖಾಕಿ ಅಂಗಿ ಹಾಕಿಕೊಂಡೇ ಬಂದರು. ಒಬ್ಬೊಬ್ಬರೇ ಎದ್ದು ಮಾತಾಡಿದರು. ಅವರ ಶಿಸ್ತು ನಮಗೆ ಮಾದರಿ ಎಂದರು. ಅವರು ನಮ್ಮನ್ನು ಅಗಲಿ ಹೋಗುತ್ತಿರುವುದು ತುಂಬಲಾರದ ನಷ್ಟ ಎಂದರು. ಬೆಳಿಗ್ಗೆ ಅವರನ್ನು ಬೈದ ಬಾಯಿಗಳೇ. ಒಬ್ಬ ಹೆಣ್ಣುಮಗಳು ನಿಜಕ್ಕೂ ಕಣ್ಣೊರೆಸಿಕೊಂಡಳು. ಸಾಹುಕಾರರು ಶಾಲು ಹೊದಿಸಿದರು. ಅವರು ಬ್ಯಾನರನ್ನು ಒಮ್ಮೆ ಓದಿ, ಮೈಕು ತೆಗೆದುಕೊಂಡರು.

“ಎಲ್ಲಾರಿಗೂ ಶರಣ್ರಿ. ನಾ ಎಲ್ಲಿಗಿ ಹೊಂಟೀನಿ ಅಂತ ಯಾರರ ಹೇಳ್ರಿ, ನನಗೂ ಗೊತ್ತಾಗ್ಲಿ.”

ಹಣ್ಣಿನ ಬುಟ್ಟಿಯ ಮೇಲಿನ ಬಣ್ಣದ ಕಾಗದ ಗಾಳಿಗೆ ಪಟಪಟ ಎನ್ನುತ್ತಿತ್ತು.

“ತಿಳೀತು ಬಿಡ್ರಿ. ಇಳಸ್ರಿ, ನಾ ಬ್ಯಾಡ ಅನ್ನಂಗಿಲ್ಲ. ಬಸ್ಸು ಹತ್ತಿದಾಂವ ಇಳೀಬೇಕಾಗ್ತದ. ಆದ್ರ ನನ್ನ ನೌಕರಿಯಾಗ ನಾ ಯಾರನ್ನೂ ನಡು ದಾರ್ಯಾಗ ಇಳಿಸಿಲ್ರಿ. ಕುಡದಾಂವ ಇರಲಿ, ಟಿಕೀಟು ಇಲ್ಲದಾಂವ ಇರಲಿ, ಬಡದಾಡಾಂವ ಇರಲಿ. ಊರು ಬರತನಕ ಕರಕೊಂಡು ಹೋಗಿ, ಊರಾಗ ಇಳಿಸೀನಿ. ನನ್ನೂ ಊರಾಗ ಇಳಸ್ರಿ. ಅಡವ್ಯಾಗ ಬ್ಯಾಡ.”

ಆ ಮಾತು ಸುಳ್ಳಲ್ಲ ಎಂದು ಅಲ್ಲಿ ಗೊತ್ತಿದ್ದವನು ನಾನೊಬ್ಬನೇ. ಒಮ್ಮೆ ಮಸ್ಕಿಯಿಂದ ಬರುವಾಗ ಒಬ್ಬ ಕುಡಿದವನು ಬಸ್ಸಿನಲ್ಲಿ ವಾಂತಿ ಮಾಡಿಕೊಂಡು, ಹೆಣ್ಣುಮಕ್ಕಳ ಮೇಲೆ ಬಿದ್ದು, ಎಲ್ಲರ ಬೈಗುಳಕ್ಕೂ ಗುರಿಯಾಗಿದ್ದ. ಅವನನ್ನು ಎಸೆಯಿರಿ ಎಂದು ಬಸ್ಸಿಗೆ ಬಸ್ಸೇ ಕೂಗುತ್ತಿತ್ತು. ಹೊರಗೆ ಎರಡೂ ಕಡೆ ಬರೀ ನೀರು ತುಂಬಿದ ಗದ್ದೆ. ಇವರು ಬಾಗಿಲಿಗೆ ಅಡ್ಡ ನಿಂತು, “ಇಲ್ಲಿ ಇಳಿಸಿದ್ರ ಇಂವಾ ಕಾಲುವಿಗಿ ಬೀಳ್ತಾನ. ಇನ್ನೊಂದೀಟು ಮೂಗು ಮುಚ್ಚಿಕೋರಿ” ಎಂದರು. ಮುಂದಿನ ಊರಿನ ಚಹಾದಂಗಡಿಯ ಮುಂದೆ ಬಸ್ಸು ನಿಲ್ಲಿಸಿ, ಅವನ ತೋಳು ಹಿಡಿದು ಇಳಿಸಿ, ಅಂಗಡಿಯವನಿಗೆ ಒಪ್ಪಿಸಿ ಬಂದರು. ಅವನು ಇವರ ತಾಯಿಯ ಮೇಲೆ ಬೈಯುತ್ತಲೇ ಇದ್ದ. ಇವರು ಎರಡು ಸೀಟಿ ಊದಿದರು.

ಈಗ ಮಾಳಿಗೆಯ ಮೇಲೆ ಅವರು ಮೈಕು ಹಿಡಿದೇ ನನ್ನ ಕಡೆ ನೋಡಿದರು. “ಏನಂತೀರಿ ಮಸ್ಕಿಯವರ? ಸ್ಟೇರಿಂಗ್ ನಿಮ್ಮ ಕೈಯಾಗ ಐತಿ.”

ಅಷ್ಟು ಮಂದಿಯ ಎದುರು ನಾನು ಸುಮ್ಮನೆ ಕೂಡುವ ಮನುಷ್ಯನಲ್ಲ. ಎದ್ದು ನಿಂತು, “ಮನಿ ಹುಡುಕಿ ಕೊಡೂದು ನನ್ನ ಜಿಮ್ಮೇದಾರಿ. ಅಲ್ಲಿತನಕ ಇವರನ್ನ ಯಾರೂ ಮುಟ್ಟಂಗಿಲ್ಲ” ಎಂದುಬಿಟ್ಟೆ. ಚಪ್ಪಾಳೆ ಬಿತ್ತು. ಆ ಮಾತಿನಿಂದ ಹಿಂದೆ ಸರಿಯುವ ಬಾಗಿಲು ಮುಚ್ಚಿಕೊಂಡದ್ದು ನನಗೆ ಆಮೇಲೆ ತಿಳಿಯಿತು.

ನನ್ನ ಮೋಟರ್ ಸೈಕಲ್ಲಿನ ಹಿಂದೆ ಅವರನ್ನು ಕೂಡಿಸಿಕೊಂಡು ಸಿಂಧನೂರಿನ ಓಣಿ ಓಣಿ ತಿರುಗಿದೆ. ಎಲ್ಲ ಕಡೆಯೂ ಒಂದೇ ಪ್ರಶ್ನೆ: “ಎಷ್ಟು ಮಂದಿ ಇರತೀರಿ? ಹೆಣ್ಮಕ್ಕಳಿಲ್ಲೇನು?” ಒಬ್ಬರೇ ಎಂದರೆ ಬಾಗಿಲು ಅರ್ಧ ಮುಚ್ಚುತ್ತಿತ್ತು. ಮಸ್ಕಿಗೆ ಹೋದೆವು. ಅಲ್ಲಿ ಬಸ್ ಸ್ಟ್ಯಾಂಡಿನಲ್ಲಿ, “ಕಂಡಕ್ಟರ್ ಸಾಹೇಬ್ರು ಬಂದಾರ!” ಎಂದು ಅಂಗಡಿಯವರೆಲ್ಲ ಎದ್ದು ಬಂದು ಚಹಾ ಕೊಟ್ಟರು, ಮಂಡಾಳು ಮಿರ್ಚಿ ಕೊಟ್ಟರು. ಮನೆ ಮಾತ್ರ ಯಾರೂ ಕೊಡಲಿಲ್ಲ. ಅವರು ಹೋದಲ್ಲೆಲ್ಲ ಮನೆ ನೋಡುವ ಬದಲು ಊರು ನೋಡುತ್ತಿದ್ದರು. “ಇಲ್ಲಿ ಸ್ಟಾಪ್ ಇರಲಿಲ್ಲ. ಒಬ್ಬಾಕಿ ಬಸರಿ ಹೆಣ್ಮಗಳು ದಿನಾ ಕೈ ಮಾಡತಿದ್ದಳು. ಸ್ಟಾಪ್ ಆತು” ಎನ್ನುತ್ತಿದ್ದರು.

ಲಿಂಗಸುಗೂರಿನಲ್ಲಿ ಒಂದು ಒಳ್ಳೆಯ ಕೋಣೆ ಸಿಕ್ಕಿತು ಎನ್ನುವ ಹೊತ್ತಿಗೆ ಮನೆಯ ಮುದುಕಿ ಅವರನ್ನು ಮೇಲೆ ಕೆಳಗೆ ನೋಡಿದಳು.

“ಸಿಟ್ಟಾಗಬ್ಯಾಡಪಾ. ವಯಸ್ಸಾಗೈತಿ, ಒಬ್ಬನ ಅದಿ. ಕೆಟ್ಟ ನಕ್ಷತ್ರದಾಗ ಏನರ ಆತಂದ್ರ ನನ್ನ ಮನಿಗಿ ಕೀಲಿ ಹಾಕಬೇಕಾಗ್ತದ. ನಾ ಎಲ್ಲಿಗಿ ಹೋಗ್ಲಿ?”

ಪಂಚಕ ಎಂದು ಐದು ದಿನ ಬರುತ್ತದೆ. ಆಗ ಮನೆಯಲ್ಲಿ ಸಾವಾದರೆ, ಆ ಮನೆಗೆ ಕೀಲಿ ಹಾಕಿ, ಬಾಗಿಲಿಗೆ ಜಾಲಿಮುಳ್ಳು ಬಡಿದು, ಕೆಲವು ತಿಂಗಳು ಬೇರೆ ಕಡೆ ಇರಬೇಕು ಎಂದು ನಂಬುವವರು ನಮ್ಮಲ್ಲಿ ಬಹಳ. ಅವರು ಮುದುಕಿಗೆ ನಗುತ್ತಲೇ ಹೇಳಿದರು.

“ಖರೇ ಅದ ಬೇ ಯವ್ವಾ. ಬಸ್ಸು ಟೈಮಿಗಿ ಬಿಡತಿದ್ದೆ. ಆ ಗಾಡಿ ಟೈಮು ನನ್ನ ಕೈಯಾಗಿಲ್ಲ.”

ಹಿಂತಿರುಗಿದ ಮೇಲೆ ಅವರು ಗೇಟಿನ ಬಳಿ ಇಳಿದು, “ನಿಮಗ ಬಾಳ ತ್ರಾಸು ಕೊಟ್ಟೆ ಮಸ್ಕಿಯವರ” ಎಂದರು. ಅಂದಿನಿಂದ ಸೀಟಿ ಊದುವುದು ಕಡಿಮೆಯಾಯಿತು. ಅದೇ ಚಳಿಗಾಲದಲ್ಲಿ ಉಸಿರಾಟ ಕೆಟ್ಟಿತು. ದವಾಖಾನೆಯವರು ಕೆಲವು ದಿನ ಇಟ್ಟುಕೊಂಡು, ಇನ್ನು ಮನೆಗೇ ಕರೆದುಕೊಂಡು ಹೋಗಿ ಎಂದರು. ಯಾವ ಮನೆಗೆ ಎಂದು ಅವರು ಕೇಳಲಿಲ್ಲ. ನಾನು ತಂದು ಒಂದನೇ ಮಹಡಿಯಲ್ಲೇ ಮಲಗಿಸಿದೆ. ನನ್ನ ಹೆಂಡತಿ ಗಂಜಿ ಮಾಡಿ ಕಳಿಸುತ್ತಿದ್ದಳು, ನಾನು ಕುಡಿಸುತ್ತಿದ್ದೆ.

ಆಗಲೇ ಪಂಚಕ ಬಂತು.

ಸಾಹುಕಾರರ ತಾಯಿ ಗೋಡೆಯ ಪಂಚಾಂಗ ನೋಡಿ ಎಲ್ಲರ ಮನೆಗೂ ಹೇಳಿ ಕಳಿಸಿದಳು. ಅವಳ ಲೆಕ್ಕ ಸೀದಾ ಇತ್ತು: “ಮ್ಯಾಲ ಒಂದ ಮಾಳಿಗಿ, ಕೆಳಗ ಒಂದ ಬಾಗಲ. ಅಂದ್ರ ಎಲ್ಲಾ ಕೂಡಿ ಒಂದ ಮನಿ. ಅಂವಾ ಇಲ್ಲೇ ಹೋದ್ರ ಎಲ್ಲಾರೂ ಖಾಲಿ ಮಾಡಬೇಕು.” ಲಿಂಗ ಕಟ್ಟಿದವರಿಗೆ ಪಂಚಕ ಗಿಂಚಕ ಇಲ್ಲವೆಂದು ಸ್ವಾಮಿಗಳು ಶ್ರಾವಣದ ಪ್ರವಚನದಲ್ಲಿ ಹೇಳಿದ್ದನ್ನು ಈ ಮಂದಿಯೇ ಕೈಮುಗಿದು ಕೇಳಿದ್ದರು. ಪ್ರವಚನ ಬೇರೆ, ಸ್ವಂತ ಮನೆ ಬೇರೆ.

ಬೆಳಿಗ್ಗೆ ನೋಡಿದರೆ ಗೇಟಿನ ಮುಂದೆ ಒಂದು ವ್ಯಾನು. ಕಂಡಕ್ಟರರ ಮನೆಯ ಬಾಗಿಲಲ್ಲಿ ಸಾಹುಕಾರರು, ಅವರ ಹಿಂದೆ ಮೆಟ್ಟಿಲ ತುಂಬ ನಮ್ಮ ಮಾಲೀಕರು.

“ತುರ್ವಿಹಾಳ ಕಡೆ ಅವರ ಅಣ್ಣನ ಮಕ್ಕಳು ಅದಾರಂತ. ಅಲ್ಲಿ ಬಿಟ್ಟು ಬರೂಣು.”

“ಅವರಿಗಿ ನಾ ಫೋನ್ ಮಾಡೀನ್ರಿ. ತರಬ್ಯಾಡ್ರಿ ಅಂದಾರ.”

“ಅದು ಅವರ ಮನಿ ವಿಷಯ. ಬಾಗಲಿಗಿ ಒಯ್ದು ಇಳಿಸಿದ್ರ ಒಳಗ ಕರಕೋತಾರ.”

“ಕರಕೊಳ್ಳದಿದ್ರ?”

ಸಾಹುಕಾರರ ಕಣ್ಣಲ್ಲಿ ನೀರಿತ್ತು, ಅದನ್ನೂ ಹೇಳಬೇಕು. “ಮುಂದಿನ ತಿಂಗಳು ಮಗಳ ಮದಿವಿ ಐತ್ರಿ. ಮನಿಗಿ ಮುಳ್ಳು ಬಡದು ನಾ ಎಲ್ಲಿ ನಿಂತು ಮದಿವಿ ಮಾಡ್ಲಿ? ಕೈ ಮುಗೀತೀನಿ, ಸರೀರಿ.”

ನಾನು ಸರಿಯಲಿಲ್ಲ. ಸರಿದರೆ ನನ್ನ ಮಾತು ಹೋಗುತ್ತದೆ, ನಿಂತರೆ ಇಷ್ಟು ಮನೆಗಳ ನೆಮ್ಮದಿ. ಹಿಂದೆ ಹೋಗಲು ಜಾಗವಿರಲಿಲ್ಲ, ಮುಂದೆ ಹೋಗಲೂ ಇರಲಿಲ್ಲ. ಒಳಗಿನಿಂದ ಅವರ ಸಣ್ಣ ದನಿ ಬಂತು.

“ಡೀಸೆಲ್ ಗಾಡಿ ನಿಂತಂಗ ಅದ. ಯಾವ ರೂಟಿಂದ್ರಿ?”

“ನಮ್ಮ ರೂಟಿಂದಲ್ರಿ” ಎಂದೆ.

“ಹಂಗಾರ ಹೋಗ್ಲಿ ಬಿಡ್ರಿ.”

ಮೆಟ್ಟಿಲ ಮೇಲೆ ನಿಂತವರೆಲ್ಲ ಅದನ್ನು ಕೇಳಿಸಿಕೊಂಡರು. ಮೊದಲು ಹಿಂದಿನವರು ಇಳಿದರು, ಆಮೇಲೆ ಮುಂದಿನವರು. ವ್ಯಾನು ಬಹಳ ಹೊತ್ತು ಗೇಟಿನಲ್ಲಿ ಹಿಂದೆ ಮುಂದೆ ಆಡಿ, ಕಂಬಕ್ಕೆ ಒರೆಸಿಕೊಂಡು ಹೊರಗೆ ಹೋಯಿತು.

ಪಂಚಕದ ಕೊನೆಯ ದಿನ ಬಂತು. ಮಧ್ಯಾಹ್ನಕ್ಕೆ ಬಿಡುತ್ತದೆ ಎಂದು ಮುದುಕಿ ಹೇಳಿ ಕಳಿಸಿದ್ದಳು. ಬೆಳಿಗ್ಗೆ ನಾನು ಚಹಾ ಒಯ್ದೆ. ಅವರು ತಮ್ಮನ್ನು ಎತ್ತಿ ಕೂಡಿಸು ಎಂದು ಸನ್ನೆ ಮಾಡಿದರು. ಬೆನ್ನು ಗೋಡೆಗೆ ಆನಿಸಿ ಕೂಡಿಸಿದೆ. ಎರಡು ಗುಟುಕು ಕುಡಿದರು. ಕಿಟಕಿಯ ಹೊರಗೆ ನೋಡಿ, “ಊರು ಬಂತೇನ್ರಿ?” ಎಂದರು.

“ಬಂತ್ರಿ” ಎಂದೆ.

ಬಲಗಿವಿಯ ಹಿಂದೆ ಮುಟ್ಟಿಕೊಳ್ಳಲು ಕೈ ಎತ್ತಿದರು. ಕೈ ಅರ್ಧಕ್ಕೇ ಕೆಳಗೆ ಬಂತು.

ನಾನು ಎದ್ದು ಬಾಗಿಲಿನ ಒಳಚಿಲಕ ಹಾಕಿದೆ.

ಸ್ವಲ್ಪ ಹೊತ್ತಿಗೆ ಸಾಹುಕಾರರು ಬಾಗಿಲು ಬಡಿದರು. “ಹೆಂಗದಾರ್ರಿ ಅಧ್ಯಕ್ಷರ?”

“ಮಲಗ್ಯಾರ.”

“ಉಸರಾಟ?”

“ಈಗ ತ್ರಾಸಿಲ್ಲ.”

ಅವರ ಚಪ್ಪಲಿಯ ಸದ್ದು ಮೇಲೆ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ನಾನು ಕಂಡಕ್ಟರರ ಎದುರು ನೆಲದ ಮೇಲೆ ಕೂತೆ. ಮೇಲಿನ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ. ಯಾರೋ ಬಟ್ಟೆ ಒಗೆಯುತ್ತಿದ್ದರು. ಪೂಜೆಯ ಗಂಟೆ ಕೇಳಿಸಿತು. ಎಲ್ಲಿಯೋ ಕುಕ್ಕರ್ ಒಂದು ಸೀಟಿ ಹೊಡೆದಾಗ ನನ್ನ ಎದೆ ನಿಂತ ಹಾಗಾಯಿತು. ಎರಡನೆಯದು ಹೊಡೆದ ಮೇಲೆಯೇ ಉಸಿರು ಬಿಟ್ಟೆ. ಇಷ್ಟೂ ಸಂಸಾರ ಒಂದು ಚಿಲಕದ ಮೇಲೆ ನಿಂತಿತ್ತು. ತೆಗೆದರೆ ಎಲ್ಲರೂ ಬೀದಿಗೆ. ಕೂತಲ್ಲೇ ಟೈಲ್ಸಿನ ಮೇಲೆ ಬೆರಳು ಆಡಿಸಿದೆ. ನಾನೇ ಹಾಕಿದ್ದು, ಒಂದು ಕಡೆಯೂ ಪೊಳ್ಳು ಸದ್ದಿರಲಿಲ್ಲ. ಅಷ್ಟು ಚಂದ ಮಾಡಿದ ಕೋಣೆಯಿಂದ ಹೊರಗೆ ಹೋಗಲು ನನಗೆ ದಾರಿಯಿರಲಿಲ್ಲ. ಅವರ ಮುಖ ಮಾತ್ರ, ನಿಲ್ದಾಣ ಬಂದು ಬಸ್ಸು ಖಾಲಿಯಾದ ಮೇಲೆ ಕಂಡಕ್ಟರರ ಮುಖ ಇರುತ್ತದಲ್ಲ, ಹಾಗಿತ್ತು.

ಮಧ್ಯಾಹ್ನ ಕಳೆದ ಮೇಲೆ ಚಿಲಕ ತೆಗೆದೆ.

“ಹೋದ್ರಿ” ಎಂದೆ.

“ಯಾವಾಗ?”

“ಈಗ.”

ಸಾಹುಕಾರರು ಫೋನಿನಲ್ಲಿ ಟೈಮು ನೋಡಿದರು. ಎರಡೂ ಕೈ ಎತ್ತಿ ಮುಗಿದರು. “ಪುಣ್ಯಾತ್ಮ! ಪಂಚಕ ದಾಟಿಸಿಕೊಂಡು ಹ್ವಾದ.” ಕೆಲವೇ ಕ್ಷಣಗಳಲ್ಲಿ ಬಿಲ್ಡಿಂಗಿಗೆ ಬಿಲ್ಡಿಂಗೇ ಸೇರಿತು. ಬೀಳ್ಕೊಡುಗೆಯಲ್ಲಿ ಹೊದಿಸಿದ್ದ ಶಾಲನ್ನೇ ಮತ್ತೆ ಹೊದಿಸಿದರು. ಹಾರ ಹಾಕಿದರು. ಶಿಸ್ತು ಮಾದರಿ ಎಂದರು, ತುಂಬಲಾರದ ನಷ್ಟ ಎಂದರು. ಮಾಳಿಗೆಯ ಮೇಲಿನ ಮಾತುಗಳೇ, ಆದರೆ ಈ ಸಲ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೆಗಲು ಕೊಡಲು ನಾಲ್ಕು ಮಂದಿಗಿಂತ ಹೆಚ್ಚು ಬಂದರು. ಮೊದಲು ಬಂದವರು ಸಾಹುಕಾರರೇ.

ಇದಾಗಿ ವರ್ಷ ದಾಟಿದೆ. ಸಾಹುಕಾರರ ಮಗಳ ಮದುವೆ ಚೆನ್ನಾಗಿಯೇ ಆಯಿತು, ಮಗುವೂ ಆಗಿದೆ. ಲಿಂಗಸುಗೂರಿನ ಸೋದರಮಾವನವರು ತೊಟ್ಟಿಲಿಗೆ ಬಂದಾಗ ಲಿಫ್ಟಿನ ಮುಂದೆ ಒಂದು ಗಳಿಗೆ ನಿಂತು, ಸುತ್ತ ನೋಡಿ, ಮೆಟ್ಟಿಲು ಹತ್ತಿದರು. ಯಾರ ಮನೆಯಲ್ಲೂ ಕೆಟ್ಟದ್ದಾಗಿಲ್ಲ. ಪಂಚಕ ದಾಟಿಸಿಕೊಂಡು ಹೋದ ಪುಣ್ಯಾತ್ಮನ ಮಾತು ಈಗಲೂ ಮಾಳಿಗೆಯ ಮೇಲೆ ಬರುತ್ತದೆ. ನಾನು ಕೇಳಿಸಿಕೊಂಡು ಕೆಳಗೆ ಇಳಿಯುತ್ತೇನೆ. ಅವರು ಬೆಳಿಗ್ಗೆಯೇ ಹೋದದ್ದನ್ನು ಹೆಂಡತಿಗೂ ಹೇಳಿರಲಿಲ್ಲ.

ಈಗ ಬರೆದಾಯಿತು. ಓದಿದ ಮೇಲೆ ನಮ್ಮ ಬಿಲ್ಡಿಂಗಿನಲ್ಲಿ ಯಾರಿಗಾದರೂ ಹೆದರಿಕೆಯಾಗಿ ಖಾಲಿ ಮಾಡುವುದಿದ್ದರೆ ಮಾಡಬಹುದು. ಆದರೆ ಗಡಿಬಿಡಿ ಬೇಡ, ಮೊದಲು ನನ್ನ ಬಳಿ ಬರಲಿ. ಸಿಂಧನೂರು, ಮಸ್ಕಿ, ಲಿಂಗಸುಗೂರು, ಮೂರೂ ಊರಿನ ಓಣಿಗಳು ನನಗೆ ಗೊತ್ತು. ಬೇರೆ ಮನೆ ಸಿಗುವವರೆಗೆ ಯಾರನ್ನೂ ಗೇಟು ದಾಟಲು ಬಿಡುವುದಿಲ್ಲ.